ಪಂಪ್ ಹಾಕಿದರೆ ದೀಪ ಮಂಕು: ನೆಲಕ್ಕೆ ಅರ್ಥಿಂಗ್ ಬೇಕೇ?

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರ್‌ನಲ್ಲಿ ನೀರಿನ ಪಂಪ್ ಹಾಕಿದ ಕೂಡಲೇ ದೀಪಗಳು ಮಂಕಾಗುತ್ತವೆ. ಬ್ಯಾಟರಿ ಹೊಸದು, ಮೀಟರಿನಲ್ಲಿ 12.6 ವೋಲ್ಟ್ ಇದೆ. ನೆಗೆಟಿವ್ ವೈರನ್ನು ಚಾಸಿಗೆ ಬೋಲ್ಟ್ ಹಾಕಿ ಕಟ್ಟಿದ್ದೇನೆ. ನೆಲಕ್ಕೆ ಸರಳು ಹೊಡೆದು ಅರ್ಥಿಂಗ್ ಕೊಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಸರಳಿನಿಂದ ಏನೂ ಆಗದು. 12 ವೋಲ್ಟ್ ಡಿಸಿಯಲ್ಲಿ ಗ್ರೌಂಡ್ ಎಂದರೆ ಮಣ್ಣಲ್ಲ, ಟ್ರೇಲರಿನ ಉಕ್ಕಿನ ಚಾಸಿ. ಪಾಸಿಟಿವ್‌ನಿಂದ ಹೊರಟ ಕರೆಂಟು ಬ್ಯಾಟರಿಯ ನೆಗೆಟಿವ್‌ಗೇ ವಾಪಸಾಗಬೇಕು. ನಿಮ್ಮ ಟ್ರೇಲರಿನಲ್ಲಿ ಆ ದಾರಿ ಚಾಸಿಯ ಮೂಲಕ ಹಾದುಹೋಗುತ್ತದೆ. ಬೋಲ್ಟಿನ ಕೆಳಗೆ ಬಣ್ಣವೋ ತುಕ್ಕೋ ಉಳಿದಿರಬೇಕು ಎಂಬುದು ನನ್ನ ಬಲವಾದ ಅನುಮಾನ. ಪಂಪ್ 7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಆ ಜಾಗದಲ್ಲಿ ಬರೀ 0.2 ಓಮ್ ಇದ್ದರೂ 1.4 ವೋಲ್ಟ್ ಅಲ್ಲೇ ಕಳೆದುಹೋಯಿತು. ಲೋಡ್ ಇಲ್ಲದಾಗ 12.6 ತೋರಿಸಿದ್ದಕ್ಕೆ ಇಲ್ಲಿ ಅರ್ಥವಿಲ್ಲ.

ಹೀಗೆ ಪರೀಕ್ಷಿಸಿ. ಪಂಪ್ ಓಡುತ್ತಿರುವಾಗಲೇ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಲಗ್‌ಗೆ (ಕೇಬಲಿನ ತುದಿಯ ಲೋಹದ ಬಳೆಗೆ) ಅಲ್ಲ, ಕಂಬಕ್ಕೇ ಒತ್ತಿ. ಇನ್ನೊಂದನ್ನು ಬಣ್ಣ ಕೆರೆದ ಚಾಸಿಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಸಿಕ್ಕಿದ. ಇದೇ ರೀತಿ ಪಾಸಿಟಿವ್ ಕಂಬದಿಂದ ಫ್ಯೂಸ್ ಬಾಕ್ಸಿನವರೆಗೂ ನೋಡಿ. ಎರಡೂ ಕಡೆ ಸರಿಯಿದ್ದು ದೀಪ ಮಾತ್ರ ಮಂಕಾದರೆ, ಪಂಪ್ ಓಡುವಾಗ ಬ್ಯಾಟರಿಯ ಕಂಬಗಳ ನಡುವಿನ ವೋಲ್ಟೇಜನ್ನೇ ಅಳೆಯಿರಿ.

ರಿಪೇರಿಗೆ ಮುಂಚೆ ಚಾರ್ಜರ್ ಆಫ್ ಮಾಡಿ, ನೆಗೆಟಿವ್ ಮೊದಲು ಬಿಚ್ಚಿ. ಚಾಸಿಯನ್ನು ಲೋಹ ಹೊಳೆಯುವ ತನಕ ಕೆರೆದು, ಗಟ್ಟಿಯಾಗಿ ಕ್ರಿಂಪ್ ಮಾಡಿದ (ವೈರಿಗೆ ಅದುಮಿ ಕೂಡಿಸಿದ) ಲಗ್ಗನ್ನು ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಆಮೇಲಷ್ಟೇ ಮೇಲೆ ಬಣ್ಣ ಬಳಿಯಿರಿ. ನೆಗೆಟಿವ್ ಕೇಬಲ್ ಪಾಸಿಟಿವ್‌ನಷ್ಟೇ ದಪ್ಪ ಇರಲಿ. ಬಣ್ಣ ನೋಡಿ ವೈರ್ ಗುರುತಿಸಬೇಡಿ, ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ: ಅಮೆರಿಕದ ಟ್ರೇಲರುಗಳಲ್ಲಿ 12 ವೋಲ್ಟಿನ ಪಾಸಿಟಿವ್ ಕಪ್ಪು, ನೆಗೆಟಿವ್ ಬಿಳಿ ಇರುವುದು ಸಾಮಾನ್ಯ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಪಾಸಿಟಿವ್ ಕೇಬಲಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯೇ? ಇಡೀ ಚಾಸಿಯೇ ನೆಗೆಟಿವ್ ಆಗಿರುವಾಗ, ಉಜ್ಜಿ ಸಿಪ್ಪೆ ಹೋದ ಪಾಸಿಟಿವ್ ವೈರ್ ಎಲ್ಲಿ ತಾಗಿದರೂ ಶಾರ್ಟ್. ಫ್ಯೂಸ್ ಇಲ್ಲದಿದ್ದರೆ ಕೇಬಲ್ಲೇ ಕೆಂಪಗೆ ಕಾದು ಬೆಂಕಿ ಹತ್ತುತ್ತದೆ. ಫ್ಯೂಸನ್ನು ಕೇಬಲಿನ ದಪ್ಪಕ್ಕೆ ತಕ್ಕಂತೆ ಆರಿಸಿ. ಕೇಬಲ್ ಚಾಸಿಯ ತೂತು ದಾಟುವಲ್ಲಿ ತೂತಿನ ಅಂಚು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್ ಹಾಕಿ.

ಹೊರಗಿನ ಎಸಿ ಕರೆಂಟಿನ ಅರ್ಥ್ ವೈರ್ ಕೂಡ ಚಾಸಿಗೆ ಸೇರಿರುತ್ತದೆ. ಈ ಕೆಲಸದ ನಡುವೆ ಅದನ್ನು ಬಿಚ್ಚಬೇಡಿ. ಟ್ರೇಲರಿನೊಳಗೆ ನ್ಯೂಟ್ರಲನ್ನು ಚಾಸಿಗೆ ಸೇರಿಸಲೂಬೇಡಿ.