ತಿರುವಿನಲ್ಲಿ ಹಿಡಿತ ತಪ್ಪುವ ಪ್ರೊಪೆಲ್ಲರ್

ಬಾಸ್ ದೋಣಿಯ (ಬಾಸ್ ಮೀನು ಹಿಡಿಯಲು ಬಳಸುವ ವೇಗದ ದೋಣಿ) ಹಿಂಬದಿಯ ಎಂಜಿನ್ ಎತ್ತರಿಸಿದ ಮೇಲೆ ನೇರ ಓಟದಲ್ಲಿ ವೇಗ ಹೆಚ್ಚಿತು, ತಿರುವಿನಲ್ಲಿ ಮಾತ್ರ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಏಕಾಏಕಿ ಏರಿ ದೋಣಿ ಮುಗ್ಗರಿಸುತ್ತದೆ ಎಂದಿದ್ದೀರಿ. ಪ್ರೊಪೆಲ್ಲರ್ ನೀರಿನ ಮೇಲಿನ ಗಾಳಿಯನ್ನು ಎಳೆದುಕೊಂಡು ನೀರಿನ ಹಿಡಿತ ಬಿಡುತ್ತಿದೆ. ತಿರುಗುವ ಮುನ್ನ ಟ್ರಿಮ್ (ಎಂಜಿನ್ ವಾಲಿರುವ ಕೋನ) ಇಳಿಸುತ್ತೀರಾ? ಇಳಿಸಿದರೂ ಹೀಗೇ ಆದರೆ ಎಂಜಿನ್ನನ್ನು ಕಾಲು ಇಂಚು ತಗ್ಗಿಸಿ ನೋಡಿ. ಎತ್ತರ, ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು!

ವೇಗಕ್ಕಿಂತ ಮೊದಲು ಎಂಜಿನ್ ತಣಿಸುವ ನೀರಿನ ಒತ್ತಡದ ಮಾಪಕದ ಮೇಲೆ ಕಣ್ಣಿಡಿ. ನೀರು ಹೀರುವ ರಂಧ್ರಗಳು ಮೇಲಕ್ಕೆ ಬಂದರೆ ಮುಳ್ಳು ಕುಸಿಯುತ್ತದೆ, ಎಂಜಿನ್ ಕಾದು ಕೆಡುತ್ತದೆ. ಎತ್ತರ ಸರಿಹೋದ ಮೇಲೆಯೇ ಪಿಚ್ ವಿಚಾರ: ಒಂದು ಇಂಚು ಪಿಚ್ ಕಡಿಮೆಯಾದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. ಇಂಧನ, ಸಾಮಾನು, ಜೊತೆಗಾರರ ಭಾರವಿರುವಾಗಲೇ ಪರೀಕ್ಷಿಸಿ. ಖಾಲಿ ದೋಣಿಯ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ತಿರುವಿನ ಹಿಡಿತವೇ ಮುಖ್ಯವೆಂದರೆ ನಾಲ್ಕು ಎಲೆಗಳ ಸ್ಟೇನ್‌ಲೆಸ್ ಪ್ರೊಪೆಲ್ಲರ್ ನನ್ನ ಆಯ್ಕೆ.