ಆಂಪ್ ಅಣ್ಣನದು, ಹಾಡು ಯಾರದು?

ಪ್ರಶ್ನೆ: ನನಗೆ 24, ಅಣ್ಣನಿಗೆ 28. ದಾವಣಗೆರೆಯಲ್ಲಿ ನಾಲ್ಕು ಜನರ ರಾಕ್ ಬ್ಯಾಂಡ್ ನಮ್ಮದು. ಹಾಡು ಬರೆದು, ರಾಗ ಹಾಕಿ, ಹಾಡುವವನು ನಾನು. ಅಣ್ಣ ಗಿಟಾರ್. ಹೊಸ ಹಾಡನ್ನು ಯೂಟ್ಯೂಬಿಗೆ ಹಾಕುವಾಗ ‘ಸಂಗೀತ’ ಅಂತ ತನ್ನ ಹೆಸರೊಂದನ್ನೇ ಹಾಕಿಕೊಂಡ. ಪ್ರಾಕ್ಟೀಸಿನಲ್ಲಿ ಬೇಕಂತಲೇ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಜೋರು ಇಡುತ್ತಾನೆ, ನನ್ನ ದನಿ ನನಗೇ ಕೇಳಿಸಲ್ಲ. ಅವ್ವ ‘ದೊಡ್ಡವನು, ಹೊಂದ್ಕೊಂಡು ಹೋಗು’ ಅಂತಾಳೆ. ಬ್ಯಾಂಡ್ ಬಿಟ್ಟುಬಿಡಲೇ?

ಉತ್ತರ: ಬಿಡುವ ಮಾತು ಆಮೇಲೆ. ನೀವು ಒಂದೇ ಜಗಳ ಅಂದುಕೊಂಡಿರುವುದರಲ್ಲಿ ಎರಡಿವೆ, ಮತ್ತು ಅದರಲ್ಲಿ ಒಂದಕ್ಕೆ ಅಣ್ಣತಮ್ಮತನದ ಸಂಬಂಧವೇ ಇಲ್ಲದಿರಬಹುದು.

ಅಣ್ಣ ‘ಬೇಕಂತಲೇ’ ಜೋರು ಇಡುತ್ತಾರೆ ಎನ್ನುವ ಮುಂಚೆ ಆಂಪ್ ಎಲ್ಲಿದೆ ನೋಡಿ. ನೆಲದ ಮೇಲಿದ್ದರೆ ಸ್ಪೀಕರ್ ಅವರ ಮೊಣಕಾಲಿಗೆ ಬಾರಿಸುತ್ತಿರುತ್ತದೆ. ಗಿಟಾರಿನ ಚೂಪು ದನಿ ನೇರಕ್ಕೆ ಹೋಗುವಂಥದ್ದು. ಪಕ್ಕದಲ್ಲೇ ನಿಂತ ಅವರಿಗೆ ಮಂಕಾಗಿ ಕೇಳುತ್ತದೆ, ಎದುರಿಗಿರುವ ನಿಮಗೆ ಕಿವಿ ಹರಿಯುತ್ತದೆ. ಅವರು ಇನ್ನಷ್ಟು ಏರಿಸುತ್ತಾರೆ. ಆಂಪನ್ನು ಕುರ್ಚಿಯ ಮೇಲಿಟ್ಟು ಅವರ ಕಿವಿಗೆ ಮುಖ ಮಾಡಿ. ಆಂಪಿನ ಗುಂಡಿಗಳಲ್ಲಿ ಬಾಸ್ (ತಗ್ಗು ದನಿ), ಟ್ರೆಬಲ್ (ಚೂಪು ದನಿ) ಏರಿಸಿ ಮಿಡ್ (ನಡುವಿನ ದನಿ) ಸೊನ್ನೆಗಿಟ್ಟಿದ್ದಾರಾ ನೋಡಿ. ಒಬ್ಬರೇ ಬಾರಿಸುವಾಗ ಅದು ಭರ್ಜರಿಯಾಗಿರುತ್ತದೆ, ಡ್ರಮ್ಸ್ ಸೇರಿದ ಕೂಡಲೇ ಗಿಟಾರ್ ಮಾಯ. ಮಿಡ್ ಅರ್ಧಕ್ಕೆ ತಂದರೆ ವಾಲ್ಯೂಮ್ ಕಡಿಮೆ ಸಾಕು.

ಸೋಲೋ (ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬರುವ ಭಾಗ) ಕೇಳಬೇಕು ಅಂತ ಇಡೀ ಹಾಡನ್ನು ಸೋಲೋ ಮಟ್ಟದಲ್ಲಿ ನುಡಿಸುವುದೂ ಉಂಟು. ಅದಕ್ಕೆ ಬೂಸ್ಟ್ ಪೆಡಲ್ ಇದೆ, ಕಾಲಲ್ಲಿ ಒತ್ತಿದಾಗ ಮಾತ್ರ ದನಿ ಏರಿಸುವಂಥದ್ದು. ಆದರೆ ಡಿಸ್ಟಾರ್ಷನ್‌ಗಿಂತ (ದನಿಯನ್ನು ಒರಟು ಮಾಡುವ ಪೆಡಲ್) ಮುಂಚೆ ಜೋಡಿಸಿದರೆ ಗೊರಗೊರ ಹೆಚ್ಚುತ್ತದೆಯೇ ಹೊರತು ದನಿ ಏರುವುದಿಲ್ಲ. ನಂತರ ಜೋಡಿಸಿ, 3-4 ಡೆಸಿಬಲ್ ಸಾಕು. ಡ್ರಮ್ಸಿಗೆ ತಿರುಗಿಸುವ ಗುಂಡಿ ಇಲ್ಲ, ಹಾಗಾಗಿ ಅಳತೆ ಅಲ್ಲಿಂದಲೇ ಶುರು. ಆಮೇಲೆ ನಿಮ್ಮ ಮೈಕನ್ನು ‘ಕುಂಯ್’ ಅನ್ನುವವರೆಗೆ ಏರಿಸಿ ಸ್ವಲ್ಪ ಇಳಿಸಿ. ಬಾಸ್ ಗಿಟಾರ್, ಅಣ್ಣನ ಗಿಟಾರ್ ಎರಡೂ ಅದರ ಲೆಕ್ಕಕ್ಕೆ ಬರಬೇಕು. ಇಷ್ಟಾದ ಮೇಲೂ ಅಣ್ಣ ಏರಿಸಿದರೆ, ಆಗ ಅದು ಜಗಳ.

ಹೆಸರಿನ ವಿಷಯ ಮಾತ್ರ ನಿಜವಾದ ತಕರಾರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಬೇರೆ, ಸಂಗೀತ ಬೇರೆ. ಅಣ್ಣನ ಗಿಟಾರ್ ತೆಗೆದು ಬರೀ ಚಪ್ಪಾಳೆ ತಾಳಕ್ಕೆ ಹಾಡಿ ನೋಡಿ. ಹಾಡು ನಿಂತರೆ ಅವರದು ಅಲಂಕಾರ. ಅವರ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಇಲ್ಲದೆ ಗುರುತೇ ಸಿಗದಿದ್ದರೆ ಸಂಗೀತದಲ್ಲಿ ಅವರಿಗೂ ಪಾಲು ಕೊಡಿ, ಜಿಪುಣತನ ಬೇಡ. ಎಸಿ/ಡಿಸಿ ಎಂಬ ರಾಕ್ ಬ್ಯಾಂಡಿನ ಮಾಲ್ಕಮ್ ಮತ್ತು ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ಹಾಡುಗಳಿಗೆ ಇಬ್ಬರ ಹೆಸರನ್ನೂ ಹಾಕುತ್ತಿದ್ದರು. ಅಣ್ಣ ರಿದಮ್ ಗಿಟಾರ್ (ಹಿನ್ನೆಲೆಯ ತಾಳ), ತಮ್ಮ ಲೀಡ್ ಗಿಟಾರ್ (ಸೋಲೋ). ಇನ್ನೊಂದು ರಾಕ್ ಬ್ಯಾಂಡ್ ಒಯಾಸಿಸ್‌ನ ಗ್ಯಾಲಗರ್ ಸಹೋದರರು 2009ರಲ್ಲಿ ಪ್ಯಾರಿಸಿನ ವೇದಿಕೆಯ ಹಿಂದೆ ಕಿತ್ತಾಡಿ ಬೇರೆಯಾದವರು ಮತ್ತೆ ಒಂದೇ ವೇದಿಕೆ ಹತ್ತಿದ್ದು 2025ಕ್ಕೆ.

ಇನ್ನು ಮುಂದೆ ಹಾಡು ಮುಗಿದ ದಿನವೇ, ರೆಕಾರ್ಡಿಂಗಿಗೆ ಮುಂಚೆ, ಒಂದು ಹಾಳೆ: ಹಾಡಿನ ಹೆಸರು, ತಾರೀಖು, ಸಾಹಿತ್ಯ ಯಾರದು, ಸಂಗೀತ ಯಾರದು ಎಷ್ಟು ಪಾಲು, ನಾಲ್ವರ ಸಹಿ. ಎಲ್ಲರ ಮೊಬೈಲಿನಲ್ಲೂ ಅದರ ಫೋಟೊ ಇರಲಿ. ನೀವು ಮೊದಲು ಗುನುಗಿದ ವಾಯ್ಸ್ ರೆಕಾರ್ಡಿಂಗ್ ಅಳಿಸಬೇಡಿ. ಈಗಿನ ವಿಡಿಯೊದ ಡಿಸ್ಕ್ರಿಪ್ಷನ್ ತಿದ್ದಲು ಎರಡು ನಿಮಿಷ ಸಾಕು, ವಿಡಿಯೊ ತೆಗೆಯಬೇಕಿಲ್ಲ, ನೋಡಿದವರ ಲೆಕ್ಕವೂ ಹೋಗುವುದಿಲ್ಲ.

ಮಾತಾಡುವುದು ಅವ್ವನ ಮುಂದೆ ಬೇಡ, ಅಲ್ಲಿ ನೀವು ಯಾವತ್ತೂ ಚಿಕ್ಕವರೇ. ಕಾರ್ಯಕ್ರಮದ ದಿನವೂ ಬೇಡ. ಬಾಸ್, ಡ್ರಮ್ಸಿನವರೂ ಇರುವಾಗ, ನರ್ಗಿಸ್ ಮಂಡಕ್ಕಿ ಮುಂದಿಟ್ಟುಕೊಂಡು, ‘ಅಣ್ಣಾ, ನನ್ನ ಹೆಸರು ಯಾಕೆ ಬಿಟ್ಟೆ?’ ಅಂತ ನೇರ ಕೇಳಿ. ‘ನೀನು ಯಾವಾಗಲೂ ಹಿಂಗೇ’ ಎಂದು ಶುರು ಮಾಡಿದರೆ ಹತ್ತು ವರ್ಷದ ಹಿಂದಿನ ಸೈಕಲ್ ಜಗಳವೂ ಹೊರಬರುತ್ತದೆ.

ಹೆಸರು ತಿದ್ದಲು ಒಪ್ಪದಿದ್ದರೆ, ಒಪ್ಪಿಕೊಂಡ ಕಾರ್ಯಕ್ರಮ ಮುಗಿಸಿಕೊಟ್ಟು ಬಿಡಿ. ನೀವು ಬರೆದ ಹಾಡು ನಿಮ್ಮ ಜೊತೆಗೇ ಬರುತ್ತದೆ. ಎಲ್ಲರೂ ದುಡ್ಡು ಹಾಕಿ ತಂದ ಮಿಕ್ಸರ್, ಸ್ಪೀಕರ್ ಯಾರಿಗೆ ಎಂಬುದನ್ನು ಮಾತ್ರ ಬಾಯಿ ಮಾತಿಗೆ ಬಿಡಬೇಡಿ, ಬರೆದುಕೊಳ್ಳಿ.