ಅಡಿಕೆ ಧಾರಣೆ ಸೈಟ್ ನಿಧಾನ: ದೊಡ್ಡ ಪ್ಲ್ಯಾನ್ ತಗೊಳ್ಳೋ ಮೊದಲು ಇದನ್ನ ನೋಡಿ

ನಮಸ್ಕಾರ ಸರ್. 40 ಮಾರುಕಟ್ಟೆಗಳ ಅಡಿಕೆ ಧಾರಣೆ ತೋರಿಸೋ ಪುಟ ತೆರೆಯೋಕೆ 9 ಸೆಕೆಂಡ್ ಹಿಡಿಯುತ್ತೆ, ಸರ್ವರ್ ಮುಂಬೈನಲ್ಲಿದೆ, ದರಗಳಿರೋ ಡೇಟಾಬೇಸ್ (ಪೋಸ್ಟ್‌ಗ್ರೆಸ್) ಅಮೆರಿಕದ ವರ್ಜೀನಿಯಾದಲ್ಲಿದೆ, ಅದಕ್ಕೆ ದೊಡ್ಡ ಪ್ಲ್ಯಾನ್ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ.

ನೀವು ಹಾಕಿದ ಲಾಗ್ (ಸೈಟ್ ಮಾಡಿದ ಕೆಲಸಗಳ ದಾಖಲೆ) ಪೂರ್ತಿ ಓದಿದೆ. ಮೊದಲು ಮಾರುಕಟ್ಟೆಗಳ ಪಟ್ಟಿಗೆ ಒಂದು ಕ್ವೆರಿ, ಅಂದ್ರೆ ಡೇಟಾಬೇಸ್‌ಗೆ ಕೇಳೋ ಪ್ರಶ್ನೆ. ಆಮೇಲೆ ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ ಅಂತ ಒಂದೊಂದಕ್ಕೂ ಅದೇ ಸಾಲು, ಹೆಸರು ಮಾತ್ರ ಬೇರೆ. ಒಟ್ಟು 41. ಮುಂಬೈಯಿಂದ ವರ್ಜೀನಿಯಾಕ್ಕೆ ಒಂದು ಸಲ ಹೋಗಿಬರೋಕೆ ಸುಮಾರು 200 ಮಿಲಿಸೆಕೆಂಡ್. 41 ಸಲ ಅಂದ್ರೆ 8 ಸೆಕೆಂಡ್ ದಾರಿಯಲ್ಲೇ ಹೋಯ್ತು. ಅಷ್ಟೊತ್ತೂ ಡೇಟಾಬೇಸ್ ಹೆಚ್ಚುಕಮ್ಮಿ ಕೈಕಟ್ಟಿ ಕೂತಿರುತ್ತೆ. ಎಷ್ಟು ದೊಡ್ಡ ಮೆಷಿನ್ ತಂದ್ರೂ ಸಮುದ್ರದ ಅಗಲ ಕಮ್ಮಿ ಆಗಲ್ಲ.

ಲೂಪ್ ಒಳಗಿರೋ, ಅಂದ್ರೆ ಮಾರುಕಟ್ಟೆಗೊಂದರಂತೆ ಮತ್ತೆ ಮತ್ತೆ ಓಡೋ ಕ್ವೆರಿ ತೆಗೆದುಹಾಕಿ. ಪ್ರತಿ ಮಾರುಕಟ್ಟೆಯ ಕೊನೇ ದಿನದ ದರ ತಾನೇ ಬೇಕಿರೋದು? ಪೋಸ್ಟ್‌ಗ್ರೆಸ್‌ನಲ್ಲಿ ಡಿಸ್ಟಿಂಕ್ಟ್ ಆನ್ (ಪ್ರತಿ ಗುಂಪಿನ ಮೊದಲ ಸಾಲನ್ನಷ್ಟೇ ಕೊಡೋ ಆದೇಶ) ಬಳಸಿ, ಮಾರುಕಟ್ಟೆ ಮತ್ತು ಬಗೆ (ರಾಶಿ, ಬೆಟ್ಟೆ, ಗೊರಬಲು) ಪ್ರಕಾರ ಜೋಡಿಸಿ, ದಿನಾಂಕ ಇಳಿಕೆ ಕ್ರಮದಲ್ಲಿಟ್ರೆ ಒಂದೇ ಕ್ವೆರಿಯಲ್ಲಿ ಎಲ್ಲಾ ಬರುತ್ತೆ. ಬಿಡುವಾದಾಗ ಡೇಟಾಬೇಸನ್ನೂ ಮುಂಬೈಗೇ ತನ್ನಿ.

ಉಳಿದ ಒಂದು ಸೆಕೆಂಡಿಗೆ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಹೇಗೆ ಓಡಿತು, ಎಷ್ಟು ಹೊತ್ತು ಹಿಡೀತು ಅಂತ ತೋರಿಸೋ ಆದೇಶ) ಹಾಕಿ ನೋಡಿ. ದೊಡ್ಡ ಟೇಬಲ್ ಮೇಲೆ ಸೆಕ್ ಸ್ಕ್ಯಾನ್ ಅಂತ ಬಂದ್ರೆ ಇಡೀ ಟೇಬಲ್ ಓದ್ತಿದೆ ಅಂತ ಅರ್ಥ. ಒಂದು ಎಚ್ಚರಿಕೆ: ಎಕ್ಸ್‌ಪ್ಲೇನ್ ಅನಲೈಜ್ ಕ್ವೆರಿಯನ್ನ ನಿಜವಾಗಿಯೂ ಓಡಿಸುತ್ತೆ. ಡಿಲೀಟ್ ಮುಂದೆ ಹಾಕಿದ್ರೆ ಡೇಟಾ ಹೋಗೇ ಹೋಗುತ್ತೆ.

ಸೆಕ್ ಸ್ಕ್ಯಾನ್ ಬಂದ್ರೆ ಇಂಡೆಕ್ಸ್ ಕಟ್ಟಿ, ಅದು ಪುಸ್ತಕದ ಕೊನೆಯ ಪದಸೂಚಿ ಥರ, ಬೇಕಾದ ಸಾಲನ್ನ ಬೇಗ ಹುಡುಕಿಕೊಡುತ್ತೆ. ಅದರಲ್ಲಿ ಮಾರುಕಟ್ಟೆ, ಬಗೆ, ದಿನಾಂಕ ಇದೇ ಕ್ರಮ ಇರಲಿ. ಹಾಲಿನ ಲೆಕ್ಕದ ಆಪ್ ಒಂದರಲ್ಲಿ ನಾನು ದಿನಾಂಕ ಮೊದಲು ಇಟ್ಟಿದ್ದೆ. ಒಬ್ಬ ಸದಸ್ಯರ ಇಡೀ ವರ್ಷದ ಲೆಕ್ಕ ಕೇಳಿದಾಗ ಆ ಇಂಡೆಕ್ಸ್ ಉಪಯೋಗಕ್ಕೇ ಬರಲಿಲ್ಲ. ಕ್ರಮ ತಿರುಗಿಸಿದ ಮೇಲೆ ಸರಿಹೋಯ್ತು. ಸೈಟ್ ಓಡ್ತಿರುವಾಗಲೇ ಇಂಡೆಕ್ಸ್ ಕಟ್ಟೋದಾದ್ರೆ ಆದೇಶದಲ್ಲಿ ಕನ್‌ಕರೆಂಟ್ಲಿ ಅನ್ನೋ ಪದ ಸೇರಿಸಿ, ಇಲ್ಲಾಂದ್ರೆ ಅದು ಮುಗಿಯೋವರೆಗೂ ಹೊಸ ದರ ಸೇರಿಸೋಕೆ ಆಗಲ್ಲ.

ಮಾರುಕಟ್ಟೆ ದರ ನಿಮಿಷಕ್ಕೊಮ್ಮೆ ಬದಲಾಗೋದಲ್ಲ. ಪುಟವನ್ನ 5 ನಿಮಿಷ ಕ್ಯಾಶ್‌ನಲ್ಲಿಡಿ (ಒಮ್ಮೆ ತಯಾರಾದ ಪುಟವನ್ನೇ ಎತ್ತಿಟ್ಟು ಎಲ್ಲರಿಗೂ ತೋರಿಸಿ), ಎಷ್ಟೋ ಜನರ ಭೇಟಿ ಡೇಟಾಬೇಸ್ ತನಕ ಬರೋದೇ ಇಲ್ಲ.

ಮೊದಲು ಲೂಪ್ ಸರಿ ಮಾಡಿ, ಎಕ್ಸ್‌ಪ್ಲೇನ್ ಫಲಿತಾಂಶ ಇಲ್ಲೇ ಹಾಕಿ, ಇವತ್ತು ರಾತ್ರಿ ಕೂತು ನೋಡ್ತೀನಿ.